ಆ ಪುಸ್ತಕಗಳನ್ನು ಓದಿದರೆ ಈಗ ಯಾಕೆ ನಗು ಬರುತ್ತಿಲ್ಲ?

ಪ್ರಶ್ನೆ: ಇಪ್ಪತ್ತರ ಆಸುಪಾಸಿನಲ್ಲಿ, ಬೆನ್ನಿಗೊಂದು ಚೀಲ ಏರಿಸಿ ಕಡಿಮೆ ಖರ್ಚಿನಲ್ಲಿ ಅಲೆಯುವ ಬ್ಯಾಕ್‌ಪ್ಯಾಕರ್‌ಗಳ ಪ್ರವಾಸ ಕಥನ ಅಂದರೆ ನನಗೆ ಪ್ರಾಣ. ಕುಡಿದು ಬಸ್ ತಪ್ಪಿಸಿಕೊಳ್ಳುವುದು, ಲೈಸೆನ್ಸ್ ಇಲ್ಲದೆ ಬೈಕ್ ಓಡಿಸುವುದು, ಪೊಲೀಸರಿಗೆ ಲಂಚ ಕೊಟ್ಟು ಪಾರಾಗುವುದು, ಪಾಸ್‌ಪೋರ್ಟ್ ಕಳೆದುಕೊಂಡು ಅಲೆಯುವುದು. ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಈಗ ನನಗೆ 39. ಮೊನ್ನೆ ಅದೇ ಪುಸ್ತಕಗಳನ್ನು ಮತ್ತೆ ತೆಗೆದೆ. ನಗು ಬರಲಿಲ್ಲ, ಸಿಟ್ಟು ಬಂತು. ನಾನು ಸಪ್ಪೆಯಾಗಿಬಿಟ್ಟೆನಾ? ಆಗ ನಕ್ಕಿದ್ದೇ ತಪ್ಪಾ? ಇನ್ನೊಂದು ವಿಷಯ. ನನ್ನ ಅಕ್ಕನ ಮಗನಿಗೆ 19. ಇವೇ ಪುಸ್ತಕಗಳನ್ನು ಓದಿ ಬ್ಯಾಗ್ ಕಟ್ಟುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ನೀವು ಸಪ್ಪೆಯಾಗಿಲ್ಲ. ಪ್ರವಾಸ ಕಥನಗಳನ್ನು ತಿದ್ದುವುದು, ಬರೆಯುವವರಿಗೆ ಪಾಠ ಹೇಳುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನಗೆ ಹೊಸದಲ್ಲ. ಮೂವತ್ತು ದಾಟಿದ ಓದುಗರು ಇದನ್ನೇ ಬೇರೆ ಬೇರೆ ರೀತಿ ಕೇಳುತ್ತಾರೆ. ತಮಗೆ ನಗುವುದೇ ಮರೆತುಹೋಯಿತೇನೋ ಅಂತ ಹೆದರುತ್ತಾರೆ. ನಾನು ಕಂಡಂತೆ ಆಗಿರುವುದು ಬೇರೆ. ಆಗ ನಿಮಗೆ ಪುಟದಲ್ಲಿ ಒಬ್ಬನೇ ಮನುಷ್ಯ ಕಾಣುತ್ತಿದ್ದ. ಈಗ ಉಳಿದವರೂ ಕಾಣುತ್ತಿದ್ದಾರೆ.

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಇದು ಯಾವುದೇ ಒಂದು ಪುಸ್ತಕದ್ದಲ್ಲ, ಉದಾಹರಣೆಗೆಂದು ನಾನೇ ಕಟ್ಟಿದ್ದು. ಆದರೆ ಈ ಬಗೆಯ ಪುಸ್ತಕ ಓದಿದವರಿಗೆ ಗುರುತು ಸಿಗುತ್ತದೆ. ನಮ್ಮ ಹೀರೊ ಒಂದು ದ್ವೀಪದಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುತ್ತಾನೆ. ಮೊದಲು ಯಾವತ್ತೂ ಓಡಿಸಿಲ್ಲ. ಹಿಂದೆ ಒಬ್ಬ ಗೆಳೆಯ, ಇಬ್ಬರ ತಲೆಯಲ್ಲೂ ಹೆಲ್ಮೆಟ್ ಇಲ್ಲ, ಹೊಟ್ಟೆಯಲ್ಲಿ ಮಧ್ಯಾಹ್ನದ ಬಿಯರ್. ತಿರುವಿನಲ್ಲಿ ಸ್ಕೂಟರ್ ಹೋಗಿ ಒಂದು ತರಕಾರಿ ಗಾಡಿಗೆ ಗುದ್ದುತ್ತದೆ. ಟೊಮೆಟೊ ಆಕಾಶಕ್ಕೆ ಹಾರುತ್ತವೆ. ಒಬ್ಬ ಮುದುಕಿ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಕೂಗುತ್ತಾಳೆ. ಶಾಪ ಹಾಕುತ್ತಿದ್ದಾಳೋ, ಮಗಳನ್ನು ಕೊಡುತ್ತೇನೆ ಅನ್ನುತ್ತಿದ್ದಾಳೋ ಗೊತ್ತಾಗಲಿಲ್ಲ ಅಂತ ಬರೆಯುತ್ತಾನೆ. ಜೇಬಿನಲ್ಲಿದ್ದ ನೋಟುಗಳನ್ನು ಅವಳ ಕೈಗೆ ತುರುಕಿ, ಪೊಲೀಸರು ಬರುವ ಮೊದಲೇ ಅಲ್ಲಿಂದ ಕಾಲ್ತೆಗೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಸಮುದ್ರದ ದಂಡೆ, ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಇನ್ನೊಂದು ಬಿಯರ್.

ಇಪ್ಪತ್ತರಲ್ಲಿ ಇದನ್ನು ಒಂದೇ ಉಸಿರಿನಲ್ಲಿ ಓದಿ ನಗುತ್ತೀರಿ. ಈಗ ನಿಧಾನವಾಗಿ ಓದಿ ನೋಡಿ. ಗಾಡಿಯ ಚಕ್ರ ಮುರಿಯಿತಾ? ಅಷ್ಟು ಟೊಮೆಟೊ ಅವಳ ಒಂದು ದಿನದ ಬಂಡವಾಳವೋ, ಒಂದು ವಾರದ್ದೋ? ಸಾಲ ಮಾಡಿ ತಂದ ಮಾಲಾ? ಗಾಡಿಯ ಮಗ್ಗುಲಲ್ಲಿ ಮಗು ಕೂತಿತ್ತಾ? ಟೊಮೆಟೊ ಹೇಗೆ ಹಾರಿದವು ಅಂತ ಲೇಖಕ ನಾಲ್ಕು ಸಾಲು ಬರೆದಿದ್ದಾನೆ. ಕೈಗೆ ತುರುಕಿದ ನೋಟು ಎಷ್ಟು ಅಂತ ಬರೆದಿಲ್ಲ. ಅವಳು ಏನು ಹೇಳಿದಳು ಅಂತ ಆಮೇಲೆ ಯಾರನ್ನಾದರೂ ಕೇಳಿದನಾ? ಅದೂ ಇಲ್ಲ. ಅವಳ ಮಾತು ಅವನಿಗೆ ಅರ್ಥವಾಗದೆ ಇದ್ದದ್ದರಿಂದಲೇ ಆ ಜೋಕ್ ಹುಟ್ಟಿತು. ಅರ್ಥವಾಗಿದ್ದರೆ ಅಲ್ಲಿಂದ ಓಡಿಹೋಗುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಈ ಪುಸ್ತಕಗಳ ಬಹುಪಾಲು ಹಾಸ್ಯ ಅದೇ. ಕಥೆಯನ್ನು ಬೆಕ್ಕೇ ಬರೆದಿರುತ್ತದೆ. ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ.

ಹಾಗಾದರೆ ಆಗ ನಗು ಬಂದದ್ದು ಹೇಗೆ? ಇದಕ್ಕೆ ಒಳ್ಳೆಯ ವಿವರಣೆಗಳಿವೆ. ಫ್ರೆಂಚ್ ತತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ನಗುವಿನ ಬಗ್ಗೆ ಬರೆಯುತ್ತಾ, ನಗಬೇಕಾದರೆ ಹೃದಯ ಒಂದು ಕ್ಷಣ ಮರಗಟ್ಟಬೇಕು ಅಂದ. ಯಾರ ಬಗ್ಗೆಯಾದರೂ ಮರುಕ ಹುಟ್ಟಿತೋ, ಅವರನ್ನು ನೋಡಿ ನಗಲು ಆಗುವುದಿಲ್ಲ. ಸ್ಕೂಟರ್ ಪ್ರಸಂಗದಲ್ಲಿ ಮುದುಕಿಗೆ ಹೆಸರಿಲ್ಲ, ಮನೆಯಿಲ್ಲ, ನಾಳೆ ಅನ್ನುವುದಿಲ್ಲ. ಮರುಕ ಹುಟ್ಟಲು ಜಾಗವನ್ನೇ ಕೊಟ್ಟಿಲ್ಲ.

ಇನ್ನೂ ಹತ್ತಿರದ ವಿವರಣೆ ಪೀಟರ್ ಮೆಕ್‌ಗ್ರಾ, ಕೇಲೆಬ್ ವಾರೆನ್ ಅನ್ನುವ ಇಬ್ಬರು ಸಂಶೋಧಕರದು. ಅವರು 2010ರಲ್ಲಿ ಹೇಳಿದ್ದು ಇಷ್ಟು: ಏನೋ ಒಂದು ನಿಯಮ ಮುರಿಯಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯವಿಲ್ಲ ಅನ್ನಿಸಬೇಕು. ಎರಡೂ ಒಟ್ಟಿಗೆ ಆದಾಗ ನಗು. ಪ್ರವಾಸ ಕಥನದಲ್ಲಿ ಎರಡನೆಯದು ಮೊದಲೇ ಖಾತ್ರಿ. ಪುಸ್ತಕ ನಿಮ್ಮ ಕೈಯಲ್ಲಿದೆ ಅಂದರೆ ಬರೆದವನು ಬದುಕಿ ಮನೆಗೆ ಬಂದಿದ್ದಾನೆ. ಹಾಗಾಗಿ ಪ್ರಪಾತದ ಅಂಚಿನಲ್ಲೂ ನಿಶ್ಚಿಂತೆಯಿಂದ ನಗಬಹುದು. ಆದರೆ ಆ ಖಾತ್ರಿ ಅವನೊಬ್ಬನಿಗೆ. ಹಿಂದೆ ಕೂತ ಗೆಳೆಯನಿಗಿಲ್ಲ, ಗಾಡಿಯವಳಿಗಿಲ್ಲ. ಅದೇ ತಿರುವಿನಲ್ಲಿ ಅದೇ ರೀತಿ ಬಿದ್ದು ಸತ್ತವರು ಪುಸ್ತಕ ಬರೆಯಲಿಲ್ಲ. ನಮಗೆ ಸಿಕ್ಕಿರುವುದು ಪಾರಾದವರ ಕಥೆ ಮಾತ್ರ.

ವಯಸ್ಸಿನ ಪಾತ್ರವೂ ಇದೆ. ಮಾರ್ಗೊ ಗಾರ್ಡನರ್, ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2005ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹದಿಹರೆಯದವರು, 18ರಿಂದ 22ರವರು, 24 ದಾಟಿದವರು ಅಂತ ಮೂರು ಗುಂಪು. ಗೆಳೆಯರು ಪಕ್ಕದಲ್ಲಿದ್ದಾಗ ಎಳೆಯ ಎರಡು ಗುಂಪುಗಳು ಒಬ್ಬರೇ ಇದ್ದಾಗಿಗಿಂತ ಜಾಸ್ತಿ ಅಪಾಯಕ್ಕೆ ಕೈಹಾಕಿದವು. ದೊಡ್ಡವರಲ್ಲಿ ಆ ವ್ಯತ್ಯಾಸ ತೀರಾ ಕಡಿಮೆ. ಇದನ್ನು ಓದಿದಾಗ ನನಗೆ ಈ ಪುಸ್ತಕಗಳ ದನಿ ನೆನಪಾಯಿತು. ನಿರೂಪಕ ಮೊದಲ ಪುಟದಲ್ಲೇ ನಿಮ್ಮ ಹೆಗಲ ಮೇಲೆ ಕೈ ಹಾಕುತ್ತಾನೆ. ಏಕವಚನದ ಸಲುಗೆ, ಗುಟ್ಟು ಹೇಳುವ ಧಾಟಿ. ಓದುತ್ತಾ ಓದುತ್ತಾ ನೀವು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಿರುತ್ತೀರಿ. ಅಲ್ಲಿಂದ ರಸ್ತೆ ಕಾಣುವುದಿಲ್ಲ, ಅವನ ಬೆನ್ನು ಮಾತ್ರ ಕಾಣುತ್ತದೆ. 39ಕ್ಕೆ ನೀವು ಆ ಸೀಟಿನಿಂದ ಇಳಿದಿದ್ದೀರಿ.

ಇನ್ನೊಂದು ತಂತ್ರ ಇದೆ, ತುಂಬ ಜಾಣ ತಂತ್ರ. ತಿದ್ದುವಾಗ ನಾನು ಜಾಸ್ತಿ ಹೊತ್ತು ಕಳೆಯುವುದು ಇದರ ಮೇಲೆಯೇ. ಈ ನಿರೂಪಕರು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ನಾನೊಬ್ಬ ಪೆದ್ದ, ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಅನ್ನುತ್ತಾರೆ. ನೋಡಿದರೆ ವಿನಯ ಅನ್ನಿಸುತ್ತದೆ. ಆದರೆ ಅದು ಕವಚ. ತಾನೇ ಮೂರ್ಖ ಅಂತ ಒಪ್ಪಿಕೊಂಡವನನ್ನು ನೀವು ಇನ್ನೇನು ಕೇಳುತ್ತೀರಿ? ಗಾಡಿಗೆ ಗುದ್ದಿದ್ದು ಮೂರ್ಖತನದ ಲೆಕ್ಕಕ್ಕೆ ಹೋಯಿತು, ಅಲ್ಲಿಗೆ ಮುಗಿಯಿತು. ಮೂರ್ಖತನಕ್ಕೆ ನಗು ಸಾಕು. ಮಾಡಿದ ತಪ್ಪಿಗೆ ಕ್ಷಮೆ ಬೇಕು, ಪರಿಹಾರ ಬೇಕು, ಕೊನೆಗೆ ನಿಂತು ಮಾತಾಡುವ ಧೈರ್ಯವಾದರೂ ಬೇಕು. ನಿಮಗೆ ಸಿಟ್ಟು ಬಂದಿರುವುದು ಬಹುಶಃ ಇಲ್ಲೇ. ಆ ಸಿಟ್ಟು ಸರಿಯಾದ ಜಾಗದಲ್ಲೇ ಬಂದಿದೆ.

ಈ ಪುಸ್ತಕಗಳಲ್ಲಿ ಬಂದು ಹೋಗುವ ಕೆಲವು ನಿಜವಾದ ಜಾಗಗಳನ್ನು ನೋಡಿದರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ.

ಬೊಲಿವಿಯಾದಲ್ಲಿ ಲಾ ಪಾಜ್ ಕಡೆಯಿಂದ ಕೊರೊಯಿಕೊಗೆ ಇಳಿಯುವ ಯುಂಗಾಸ್ ರಸ್ತೆ ಇದೆ. ಸಾವಿನ ರಸ್ತೆ ಅಂತಲೇ ಹೆಸರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ತಡೆಗೋಡೆಯಿಲ್ಲದ ಪ್ರಪಾತ, ಬಹಳ ಕಡೆ ಒಂದೇ ವಾಹನಕ್ಕೆ ಸಾಕಾಗುವಷ್ಟು ಅಗಲ. ಪ್ರವಾಸಿಗರು ಅಲ್ಲಿ ಸೈಕಲ್ಲಿನಲ್ಲಿ ಇಳಿಯುತ್ತಾರೆ, ಕೊನೆಗೆ ಬದುಕುಳಿದೆ ಅಂತ ಬರೆದ ಟೀ ಶರ್ಟ್ ಸಿಗುತ್ತದೆ. ಪ್ರವಾಸ ಕಥನಕ್ಕೆ ಇದಕ್ಕಿಂತ ಒಳ್ಳೆಯ ಸರಕು ಬೇಕಾ? ಆದರೆ 2006ರಲ್ಲಿ ಬದಲಿ ರಸ್ತೆ ತೆರೆಯುವವರೆಗೆ ಅದು ಅಲ್ಲಿನವರಿಗೆ ದಿನನಿತ್ಯದ ದಾರಿ. ಬಸ್ಸು, ಹಣ್ಣು ಸಾಗಿಸುವ ಲಾರಿ, ಆಸ್ಪತ್ರೆಗೆ ಹೊರಟವರು, ಎಲ್ಲರೂ ಅದರಲ್ಲೇ ಹೋಗಬೇಕಿತ್ತು. 1983ರ ಜುಲೈನಲ್ಲಿ ಒಂದು ಬಸ್ ಉರುಳಿ 100ಕ್ಕೂ ಹೆಚ್ಚು ಜನ ಸತ್ತರು. ಅವರ್ಯಾರೂ ಸಾಹಸಕ್ಕೆ ಹೊರಟವರಲ್ಲ. ಅದೇ ತಿರುವುಗಳ ಬಗ್ಗೆ ಒಬ್ಬ ಲೇಖಕ ಮೂರು ಪುಟ ಜೋಕ್ ಬರೆದು, ಆ ಬಸ್ಸಿನ ಬಗ್ಗೆ ಒಂದು ಸಾಲೂ ಬರೆಯದಿದ್ದರೆ, ಅವನಿಗೆ ಅಪಾಯ ಗೊತ್ತಿತ್ತು, ಅದು ಯಾರ ಮೇಲೆ ಬಿದ್ದಿತ್ತು ಅನ್ನುವುದು ಗೊತ್ತಿರಲಿಲ್ಲ ಅಂತಲೇ ಅರ್ಥ.

ಲಾವೋಸಿನ ವಾಂಗ್ ವಿಯೆಂಗ್ ಇನ್ನೊಂದು. ಲಾರಿ ಟ್ಯೂಬಿನಲ್ಲಿ ಕೂತು ನಾಮ್ ಸಾಂಗ್ ನದಿಯಲ್ಲಿ ತೇಲುವುದು, ದಡದ ಬಾರ್‌ಗಳಲ್ಲಿ ಒಂದೊಂದಾಗಿ ಕುಡಿಯುವುದು, ಮರದಿಂದ ಹಗ್ಗ ಹಿಡಿದು ನೀರಿಗೆ ಹಾರುವುದು. ಒಂದು ಕಾಲಕ್ಕೆ ಬ್ಯಾಕ್‌ಪ್ಯಾಕರ್‌ಗಳಿಗೆ ಅದು ತೀರ್ಥಕ್ಷೇತ್ರದಂತಿತ್ತು. 2011ರ ಒಂದೇ ವರ್ಷದಲ್ಲಿ ಅಲ್ಲಿನ ಆಸ್ಪತ್ರೆ ದಾಖಲಿಸಿದ ಪ್ರವಾಸಿಗರ ಸಾವು 27 ಅಂತ ವರದಿಯಾಯಿತು. 2012ರಲ್ಲಿ ಸರ್ಕಾರ ದಡದ ಬಾರ್‌ಗಳನ್ನು ಮುಚ್ಚಿಸಿತು. ಆ ನದಿಯ ಬಗ್ಗೆ ಬಂದ ತಮಾಷೆ ಬರಹಗಳನ್ನು ಈ ಸಂಖ್ಯೆಯ ಪಕ್ಕ ಇಟ್ಟು ಓದಿ. ಹೆಣ ಹುಡುಕಿದವರು, ಮನೆಯವರಿಗೆ ಫೋನ್ ಮಾಡಿದವರು, ಆ ಚಿಕ್ಕ ಊರಿನ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಎದ್ದಿದ್ದವರು ಯಾವ ಜೋಕಿನಲ್ಲೂ ಇಲ್ಲ.

ಸಾವು ನೋವೇ ಆಗಬೇಕೆಂದಿಲ್ಲ. 2015ರ ಮೇ ಕೊನೆಯಲ್ಲಿ ಮಲೇಷ್ಯಾದ ಕಿನಬಾಲು ಪರ್ವತದ ಮೇಲೆ ಕೆಲವು ಪ್ರವಾಸಿಗರು ಬಟ್ಟೆ ಬಿಚ್ಚಿ ಫೋಟೊ ತೆಗೆಸಿಕೊಂಡರು. ಅಲ್ಲಿನ ಕಡಜಾನ್ ದುಸುನ್ ಜನರಿಗೆ ಅದು ತಮ್ಮ ಹಿರಿಯರ ಆತ್ಮಗಳು ನೆಲೆಸಿರುವ ಬೆಟ್ಟ. ಜೂನ್ 5ರಂದು ಅಲ್ಲಿ ಭೂಕಂಪವಾಗಿ 18 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಅಲ್ಲಿನ ಗೈಡ್‌ಗಳೂ ಇದ್ದರು. ಫೋಟೊಗೂ ಭೂಕಂಪಕ್ಕೂ ಸಂಬಂಧವಿಲ್ಲ ಅನ್ನುವುದು ಬೇರೆ ಮಾತು. ಆದರೆ ಹೊರಗಿನ ಪ್ರಪಂಚ ಬೆಟ್ಟ ಮುನಿಯಿತು ಅನ್ನುವ ನಂಬಿಕೆಯನ್ನು ಆಡಿಕೊಂಡು ನಗುತ್ತಿದ್ದಾಗ ಅಲ್ಲಿ ಇನ್ನೂ ಹೆಣ ಇಳಿಸುತ್ತಿದ್ದರು. ಬಟ್ಟೆ ಬಿಚ್ಚಿದವರಲ್ಲಿ ನಾಲ್ವರಿಗೆ 3 ದಿನ ಜೈಲು, 5,000 ರಿಂಗಿಟ್ ದಂಡ ಆಯಿತು.

ಈ ಬಗೆಯ ಬರವಣಿಗೆ ಹೀಗೇ ಶುರುವಾಗಿದ್ದಲ್ಲ. 1960, 70ರ ದಶಕಗಳಲ್ಲಿ ಪಶ್ಚಿಮದ ಹಿಪ್ಪಿ ಯುವಜನ ಇಸ್ತಾಂಬುಲ್, ತೆಹ್ರಾನ್, ಕಾಬೂಲ್ ದಾಟಿ ಕಠ್ಮಂಡುವಿಗೆ ಬರುತ್ತಿದ್ದ ಹಿಪ್ಪಿ ದಾರಿಯಲ್ಲಿ ಕಷ್ಟಗಳು ದಾರಿಯಲ್ಲೇ ಇದ್ದವು. ಕೆಟ್ಟ ಬಸ್ಸು, ದೂರದ ಗಡಿ, ವಾರಗಟ್ಟಲೆ ಕಾಯುವ ಪತ್ರ. 1979ರಲ್ಲಿ ಇರಾನಿನ ಕ್ರಾಂತಿ ನಡೆಯಿತು, ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಆ ದಾರಿ ಮುಚ್ಚಿತು. ಆಮೇಲೆ ಅಗ್ಗದ ವಿಮಾನ, ಕೈಯಲ್ಲಿ ಗೈಡ್ ಪುಸ್ತಕ, ಎಲ್ಲಿ ಹೋದರೂ ಹಾಸ್ಟೆಲ್. ಪ್ರಯಾಣ ಸಲೀಸಾಯಿತು. ಸಲೀಸಾದ ಪ್ರಯಾಣದಲ್ಲಿ ಕಥೆ ಹುಟ್ಟುವುದು ಕಷ್ಟ. ಆಗ ಅಡೆತಡೆಯನ್ನು ಲೇಖಕನೇ ತಂದುಕೊಳ್ಳಬೇಕಾಯಿತು: ಕುಡಿತ, ಹುಚ್ಚು ಪಂದ್ಯ, ಬೇಕಂತಲೇ ಓದದ ಎಚ್ಚರಿಕೆ ಫಲಕ. ಹುಂಬತನವೇ ಕಥಾವಸ್ತುವಾಗಲು ಇದು ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಆಗ ನಕ್ಕಿದ್ದು ತಪ್ಪಾ? ಖಂಡಿತ ಅಲ್ಲ. ಆ ವಯಸ್ಸಿನಲ್ಲಿ ಆ ಪುಸ್ತಕಗಳು ನಿಮಗೆ ಬೇರೆ ಏನನ್ನೋ ಕೊಟ್ಟವು. ದುಡ್ಡು ಜಾಸ್ತಿ ಇಲ್ಲದವರೂ ಹೊರಡಬಹುದು ಅಂದವು. ದಾರಿ ತಪ್ಪಿದರೂ ಜಗತ್ತು ಮುಳುಗುವುದಿಲ್ಲ, ಗೊತ್ತಿಲ್ಲದವರ ಹತ್ತಿರ ಸಹಾಯ ಕೇಳಬಹುದು ಅಂದವು. ಮನೆಯಿಂದ ಒಬ್ಬರೇ ಹೊರಗೆ ಹೋಗಲು ಹೆದರುತ್ತಿದ್ದ ಎಷ್ಟೋ ಜನಕ್ಕೆ ಆ ಧೈರ್ಯ ಬಂದದ್ದು ಇಂಥ ಪುಸ್ತಕಗಳಿಂದ. ಅದನ್ನು ನಾನು ತುಂಬ ಗೌರವಿಸುತ್ತೇನೆ. ಆಗಿನ ನಗುವಿನಲ್ಲಿ ಅರ್ಧ ಪಾಲು ಬಿಡುಗಡೆಯ ನಗು. ಅದಕ್ಕೆ ಈಗ ನಾಚಿಕೊಳ್ಳುವ ಅಗತ್ಯವಿಲ್ಲ.

ನಡುವೆ ನಿಮ್ಮ ಬದುಕಿನಲ್ಲಿ ಏನೇನೋ ಆಗಿರುತ್ತದೆ. ಯಾರಿಗೋ ಅಪಘಾತವಾಗಿ ಆಸ್ಪತ್ರೆಯ ಹೊರಗೆ ಕಾದಿರುತ್ತೀರಿ. ತಡವಾಗಿ ಬರುವವರಿಗಾಗಿ ಬಾಗಿಲ ಕಡೆ ನೋಡುತ್ತಾ ಕೂತಿರುತ್ತೀರಿ. ದೂರದ್ದು ಹತ್ತಿರ ಬಂದಿರುತ್ತದೆ. ನಗುವಿಗೆ ಈ ದೂರ ಎಷ್ಟು ಮುಖ್ಯ ಅನ್ನುವುದಕ್ಕೆ ಮೆಕ್‌ಗ್ರಾ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನವಿದೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿದಾಗ, ಅದರ ಬಗ್ಗೆ ಹುಟ್ಟಿದ ಜೋಕ್‌ಗಳನ್ನು ಬೇರೆ ಬೇರೆ ದಿನಗಳಲ್ಲಿ ಜನರಿಗೆ ತೋರಿಸಿ ಎಷ್ಟು ನಗು ಬಂತು ಅಂತ ಕೇಳಿದರು. ಹಾನಿ ಕಣ್ಣೆದುರಿದ್ದ ದಿನಗಳಲ್ಲಿ ನಗು ಕಡಿಮೆ. ಸುಮಾರು ಒಂದು ತಿಂಗಳು ಕಳೆದಾಗ ಜಾಸ್ತಿ. ಆಮೇಲೆ ಮತ್ತೆ ಇಳಿಯಿತು. ಅದೇ ಜೋಕ್, ಅದೇ ಮಾತು. ಕೇಳುವವರು ನಿಂತ ಜಾಗ ಮಾತ್ರ ಬೇರೆ. ನಿಮ್ಮ ಪುಸ್ತಕಗಳೂ ಬದಲಾಗಿಲ್ಲ, ನೀವು ನಿಂತ ಜಾಗ ಬದಲಾಗಿದೆ.

ಆದರೆ ಎಲ್ಲ ಹಾಸ್ಯವೂ ಕೆಟ್ಟಿಲ್ಲ. ನಿಮ್ಮ ಕಪಾಟಿನ ಪುಸ್ತಕಗಳನ್ನು ಇನ್ನೊಮ್ಮೆ ತೆಗೆದು, ಪ್ರತಿ ತಮಾಷೆಯ ಹತ್ತಿರ ಒಂದೇ ಪ್ರಶ್ನೆ ಕೇಳಿ: ಈ ಜೋಕಿನ ಖರ್ಚು ಯಾರು ಕೊಟ್ಟರು? ಹೊಟ್ಟೆ ಕೆಟ್ಟು ರಾತ್ರಿ ಬಸ್ಸಿನಲ್ಲಿ ಒದ್ದಾಡಿದ ಕಥೆಗೆ ನನಗೆ ಈಗಲೂ ಜೋರಾಗಿ ನಗು ಬರುತ್ತದೆ. ಖರ್ಚೆಲ್ಲ ಅವನ ಹೊಟ್ಟೆಯದೇ. ತಪ್ಪು ರೈಲು ಹತ್ತಿ ಬೇರೆ ಊರಿಗೆ ಹೋದದ್ದು, ಹೊಸ ಭಾಷೆಯಲ್ಲಿ ನೀರು ಕೇಳಲು ಹೋಗಿ ಏನೋ ಹೇಳಿ ಅಂಗಡಿಯವರನ್ನೆಲ್ಲ ನಗಿಸಿದ್ದು, ಇವೂ ಚೆನ್ನಾಗಿಯೇ ಇರುತ್ತವೆ. ಅಲ್ಲಿ ಊರಿನವರು ನಗುತ್ತಾರೆ, ಲೇಖಕ ನಗೆಪಾಟಲಾಗುತ್ತಾನೆ, ಅವನಿಗೆ ಅದರಲ್ಲಿ ಸಂತೋಷವಿದೆ. ಊರಿನವರಿಗೆ ನಗುವ ಹಕ್ಕು ಇರುವ ಪುಸ್ತಕ ಬೇಗ ಹಳೆಯದಾಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ, ನನ್ನ ತರಗತಿಯಲ್ಲಿ ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಒಂದು ತಮಾಷೆ ಪ್ರಸಂಗವನ್ನು ಅಲ್ಲಿದ್ದ ಇನ್ನೊಬ್ಬರ ಬಾಯಲ್ಲಿ ಹೇಳಿಸಿ. ಹಾಸ್ಟೆಲ್ ಗುಡಿಸುವವರು, ಟಿಕೆಟ್ ಕೊಟ್ಟವರು, ಸ್ಕೂಟರ್ ಬಾಡಿಗೆಗೆ ಕೊಟ್ಟವರು, ಯಾರಾದರೂ ಸರಿ. ನಮ್ಮ ತರಕಾರಿಯವಳು ಹೇಳಿದರೆ ಹೀಗಿರಬಹುದು: ಇಬ್ಬರು ಹುಡುಗರು ಬಂದು ಗುದ್ದಿದರು. ಒಬ್ಬನ ಮೊಣಕಾಲಿನಲ್ಲಿ ರಕ್ತ ಸೋರುತ್ತಿತ್ತು. ಕೂತ್ಕೋ, ನೀರು ಹಾಕಿ ತೊಳೆಯುತ್ತೇನೆ ಅಂತ ಕೂಗಿದೆ. ಹೆದರಿ ದುಡ್ಡು ಎಸೆದು ಓಡಿಹೋದರು. ಹೀಗೆ ಬರೆದ ಕೂಡಲೇ ಗೊತ್ತಾಗುತ್ತದೆ, ಮೊದಲ ಲೇಖಕ ಅವಳಿಗೆ ನಷ್ಟ ಮಾಡಿದ್ದಷ್ಟೇ ಅಲ್ಲ, ಪುಸ್ತಕದ ಅತಿ ಒಳ್ಳೆಯ ದೃಶ್ಯವನ್ನೂ ಕೈಬಿಟ್ಟಿದ್ದಾನೆ.

ಕೊನೆಗೆ ನಿಮ್ಮ ಅಕ್ಕನ ಮಗ. ಪುಸ್ತಕವನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಡಿ. ಅವನು ನಗಲಿ, ಹೊರಡಲಿ. ಉಪದೇಶವೂ ಬೇಡ, 19ಕ್ಕೆ ಅದು ಕಿವಿಗೆ ಹೋಗುವುದಿಲ್ಲ. ಆದರೆ ಆ ಪುಸ್ತಕಗಳು ತಮಾಷೆ ಮಾಡಿ ದಾಟಿಸಿಬಿಡುವ ಕೆಲವು ವಿಷಯಗಳನ್ನು ಮಾತ್ರ ನೇರವಾಗಿ ಹೇಳಿ.

ಕೋತಿ ಕಚ್ಚಿದ ಪ್ರಸಂಗ ಇಂಥ ಪುಸ್ತಕಗಳಲ್ಲಿ ಬರುತ್ತಲೇ ಇರುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಕೋತಿಯಾಗಲಿ ನಾಯಿಯಾಗಲಿ, ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅವತ್ತೇ ಲಸಿಕೆಗೆ ಓಡಬೇಕು. ನಾಳೆ ನೋಡೋಣ ಅನ್ನಬಾರದು.

ಗುರುತಿಲ್ಲದ ಬಾಟಲಿ, ಪುಕ್ಕಟೆ ಕೊಡುವ ಮದ್ಯದ ಶಾಟ್ ಬೇಡ. 2024ರ ನವೆಂಬರ್‌ನಲ್ಲಿ ಅದೇ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಅನ್ನುವ ವಿಷಕಾರಿ ಆಲ್ಕೊಹಾಲ್ ಬೆರೆತ ಮದ್ಯ ಕುಡಿದ ಶಂಕೆಯಲ್ಲಿ 6 ಮಂದಿ ವಿದೇಶಿ ಪ್ರವಾಸಿಗರು ಸತ್ತರು. ಮೆಥನಾಲ್ ವಿಷ ತಕ್ಷಣ ಗೊತ್ತಾಗುವುದಿಲ್ಲ. ಹಲವು ಗಂಟೆ ಕಳೆದ ಮೇಲೆ ತಲೆನೋವು, ವಾಂತಿ, ಕಣ್ಣು ಮಂಜು. ಹ್ಯಾಂಗೋವರ್ ಅಂದುಕೊಂಡು ಮಲಗಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆ.

ಇನ್ನು ಸ್ಕೂಟರ್. ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ಹೇಳಿದೆ. ಅದರಲ್ಲಿ ನೂರಕ್ಕೆ 92 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಅಂದರೆ ಬ್ಯಾಕ್‌ಪ್ಯಾಕರ್‌ಗಳು ಜಾಸ್ತಿ ಹೋಗುವ ಕಡೆಯೇ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದರೆ ಸಾಲದು, ಅದರಲ್ಲಿ ದ್ವಿಚಕ್ರ ವಾಹನದ ವರ್ಗ ಇದೆಯಾ ನೋಡಬೇಕು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಬೈಕ್ ಓಡಿಸಿ ಬಿದ್ದರೆ ವಿಮೆ ಕಂಪನಿ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಕುಡಿದಿದ್ದರೂ ಅಷ್ಟೇ. ಅವನ ಆಸ್ಪತ್ರೆ ಖರ್ಚು ನಿಮ್ಮ ಅಕ್ಕನ ಮೇಲೆ ಬರುತ್ತದೆ. ಅವನು ಗುದ್ದಿದವರ ಖರ್ಚು ಅವರ ಮೇಲೆಯೇ ಬೀಳುತ್ತದೆ. ಈ ಎರಡನೆಯ ಮಾತನ್ನೂ ಮರೆಯದೆ ಹೇಳಿ. ಹೊರಡುವ ಮೊದಲು ಒಂದು ಸಂಜೆ ಅವನ ಜೊತೆ ಕೂತು, ವಿಮೆ ಪತ್ರದಲ್ಲಿ ಬೈಕ್ ಬಗ್ಗೆ ಇರುವ ಷರತ್ತುಗಳನ್ನು ಇಬ್ಬರೂ ಸೇರಿ ಓದಿ.